ಬಾಲವಿಲ್ಲದ ಅಕ್ಷರಗಳು

ಮನೆಗೆ ಕಂಪ್ಯೂಟರು ಬಂದ ಕಥೆಯನ್ನು ಬರೆದವರು ಬಹಳ ಮಂದಿ. ಅದರ ಪಕ್ಕದಲ್ಲಿ ಕುಳಿತು ಕರಕರನೆ ಸದ್ದು ಮಾಡುತ್ತಿದ್ದ ಪ್ರಿಂಟರಿನ ಕಥೆ ಬರೆದವರು ಕಡಿಮೆ. ಮದುವೆಯ ಆಲ್ಬಮ್ಮಿನಲ್ಲಿ ಅಡುಗೆಯವರ ಫೋಟೋ ಇರುವುದಿಲ್ಲವಲ್ಲ, ಹಾಗೆ. ಆದರೆ ಕಂಪ್ಯೂಟರು ಮಾಡಿದ ಕೆಲಸ ಕೈಗೆ ಸಿಗುವಂತಾದದ್ದು, ಅಂಚೆಗೆ ಹಾಕುವಂತಾದದ್ದು, ಬೀರುವಿನಲ್ಲಿ ಇಡುವಂತಾದದ್ದು ಈ ಪ್ರಿಂಟರಿನಿಂದಲೇ. 1980ರ ದಶಕದಲ್ಲಿ ಇಂಗ್ಲೆಂಡು, ಅಮೆರಿಕಗಳ ಮಧ್ಯಮ ವರ್ಗದ ಮನೆಗಳಲ್ಲಿ ಗಂಡ ಹೆಂಡತಿ ಕೂತು ಲೆಕ್ಕ ಹಾಕಿದ ಪ್ರಶ್ನೆ ಇದು: ಕಂಪ್ಯೂಟರನ್ನೇನೋ ಕೊಂಡಾಯಿತು, ಪ್ರಿಂಟರು ಯಾವುದನ್ನು ಕೊಳ್ಳುವುದು?

ಪ್ರಶ್ನೆ ಸಣ್ಣದಾಗಿ ಕಾಣಬಹುದು. ಆ ಕಾಲದ ಮನೆ ಕಂಪ್ಯೂಟರು ಹೇಗಿತ್ತು ಎಂದು ನೆನಪಿಸಿಕೊಂಡರೆ ಅದರ ತೂಕ ತಿಳಿಯುತ್ತದೆ. ಒಂದು ಕೀಲಿಮಣೆ, ಅದಕ್ಕೆ ಮನೆಯ ಟಿ.ವಿ.ಯೇ ಪರದೆ, ಹಾಡು ಕೇಳುವ ಕ್ಯಾಸೆಟ್ಟೇ ಉಗ್ರಾಣ. ಪರದೆಯ ಮೇಲೆ ಎಷ್ಟು ಚೆಂದದ ಪತ್ರ ಬರೆದರೂ ಸ್ವಿಚ್ಚು ಆರಿಸಿದರೆ ಕತ್ತಲೆ. ಟಿ.ವಿ.ಯನ್ನು ಲಕೋಟೆಯಲ್ಲಿಟ್ಟು ತಾಯಿಗೆ ಕಳಿಸಲು ಬರುವುದಿಲ್ಲ. ಮನೆಯ ಖರ್ಚು ವೆಚ್ಚ, ಅಡುಗೆಯ ವಿಧಾನ, ಮಕ್ಕಳ ಪಾಠ, ಎಲ್ಲವನ್ನೂ ಈ ಯಂತ್ರ ನೋಡಿಕೊಳ್ಳುತ್ತದೆ ಎಂದು ಜಾಹೀರಾತುಗಳು ಹೇಳುತ್ತಿದ್ದವು. ಕಾಗದದ ಮೇಲೆ ಇಳಿಯದ ಅಡುಗೆ ವಿಧಾನವನ್ನು ಒಲೆಯ ಮುಂದೆ ನಿಂತವಳು ಓದುವುದು ಹೇಗೆ ಎಂಬುದನ್ನು ಮಾತ್ರ ಹೇಳುತ್ತಿರಲಿಲ್ಲ.

ಈ ಮರೆವು ಹಳೆಯದು. 1969ರಲ್ಲಿ ಅಮೆರಿಕದ ನೀಮನ್ ಮಾರ್ಕಸ್ ಎಂಬ ದುಬಾರಿ ಮಳಿಗೆ ತನ್ನ ಕ್ರಿಸ್‌ಮಸ್ ಪಟ್ಟಿಯಲ್ಲಿ ಹನಿವೆಲ್ ಕಂಪನಿಯ 'ಕಿಚನ್ ಕಂಪ್ಯೂಟರ್' ಒಂದನ್ನು ಮಾರಾಟಕ್ಕಿಟ್ಟಿತ್ತು. ಬೆಲೆ 10,600 ಡಾಲರು. ತರಕಾರಿ ಹೆಚ್ಚುವ ಮಣೆಯೂ ಅದರಲ್ಲೇ ಸೇರಿತ್ತು. ಅಡುಗೆ ವಿಧಾನಗಳನ್ನು ಅದು ನೆನಪಿಡುತ್ತದೆ ಎಂಬುದು ಹೆಗ್ಗಳಿಕೆ. ಆದರೆ ಗೃಹಿಣಿ ಅದರೊಡನೆ ಮಾತಾಡಬೇಕಾದದ್ದು ಸ್ವಿಚ್ಚುಗಳ ಮೂಲಕ, ಅದು ಉತ್ತರ ಕೊಡುತ್ತಿದ್ದದ್ದು ಹತ್ತಿ ಆರುವ ದೀಪಗಳ ಮೂಲಕ. ಆ ಭಾಷೆ ಕಲಿಯಲು ಎರಡು ವಾರದ ತರಬೇತಿ ಬೇರೆ. ಅಡುಗೆ ಕಂಪ್ಯೂಟರಾಗಿ ಒಂದಾದರೂ ಮಾರಾಟವಾದದ್ದಕ್ಕೆ ದಾಖಲೆ ಇಲ್ಲ. ಒಳಗೆ ಎಷ್ಟೇ ಬುದ್ಧಿ ಇರಲಿ, ಹೊರಗೆ ಬರುವ ದಾರಿ ಓದುವವಳ ಕೈಗೆ ಎಟುಕದಿದ್ದರೆ ಅದು ಮನೆಗೆ ಉಪಯೋಗವಿಲ್ಲ. ಮುಂದಿನ ಇಪ್ಪತ್ತು ವರ್ಷ ಪ್ರಿಂಟರು ತಯಾರಕರು ಒಬ್ಬೊಬ್ಬರೂ ಒಂದೊಂದು ರೀತಿಯಲ್ಲಿ ಈ ಪಾಠ ಕಲಿತರು.

ಎಲ್ಲಕ್ಕಿಂತ ಅಗ್ಗದ ದಾರಿ ತೋರಿಸಿದವರು ಇಂಗ್ಲೆಂಡಿನ ಕೇಂಬ್ರಿಜ್‌ನ ಕ್ಲೈವ್ ಸಿಂಕ್ಲೇರ್. ಅವರ ಜೆಡ್‌ಎಕ್ಸ್ 81 ಎಂಬ ಪುಟ್ಟ ಕಂಪ್ಯೂಟರು 1981ರಲ್ಲಿ ಸುಮಾರು 70 ಪೌಂಡಿಗೆ ಸಿಗುತ್ತಿತ್ತು. ಅದೇ ವರ್ಷ ಅದಕ್ಕೆ ಜೋಡಿಯಾಗಿ 50 ಪೌಂಡಿನ ಒಂದು ಪ್ರಿಂಟರು ಬಂತು. ಅದಕ್ಕೆ ಶಾಯಿಯೂ ಬೇಡ, ಪಟ್ಟಿಯೂ ಬೇಡ. ನಾಲ್ಕು ಇಂಚು ಅಗಲದ ಕಪ್ಪು ಕಾಗದಕ್ಕೆ ಅಲ್ಯುಮಿನಿಯಮ್ಮಿನ ತೆಳು ಲೇಪ. ಸೂಜಿ ಅದರ ಮೇಲೆ ಓಡುತ್ತ ಬೇಕಾದ ಕಡೆ ವಿದ್ಯುತ್ತಿನ ಕಿಡಿ ಹಾರಿಸಿದರೆ ಬೆಳ್ಳಿ ಸುಟ್ಟು ಕೆಳಗಿನ ಕಪ್ಪು ಕಾಣುತ್ತಿತ್ತು. ಸಾಲಿಗೆ 32 ಅಕ್ಷರ. ಬರೆದದ್ದು ಪತ್ರವಾದರೂ ಕಾಣುತ್ತಿದ್ದದ್ದು ಅಂಗಡಿಯ ಚೀಟಿಯಂತೆ. ಹುಡುಗರಿಗೆ ಇದು ಸಾಕಿತ್ತು. ಬ್ಯಾಂಕಿಗೆ ಅರ್ಜಿ ಬರೆಯುವ ತಂದೆಗೆ, ಮನೆಯಲ್ಲೇ ಕೂತು ಬೇರೆಯವರ ಹಸ್ತಪ್ರತಿ ಟೈಪು ಮಾಡಿ ನಾಲ್ಕು ಕಾಸು ಸಂಪಾದಿಸುವ ತಾಯಿಗೆ ಸಾಕಾಗಲಿಲ್ಲ.

ಅವರ ಮುಂದೆ ಇದ್ದದ್ದು ಎರಡು ದೊಡ್ಡ ದಾರಿಗಳು. ಮೊದಲನೆಯದು ಡೇಸಿ ವ್ಹೀಲ್. ಡೇಸಿ ಎಂದರೆ ನಮ್ಮ ಸೇವಂತಿಗೆಯ ಬಳಗದ ಒಂದು ಹೂವು. ಹೂವಿನ ಎಸಳುಗಳಂತೆ ಸುತ್ತಲೂ ಕಡ್ಡಿಗಳು, ಪ್ರತಿ ಕಡ್ಡಿಯ ತುದಿಯಲ್ಲೂ ಒಂದು ಅಚ್ಚಿನ ಅಕ್ಷರ, ಸಾಮಾನ್ಯವಾಗಿ 96. ಚಕ್ರ ತಿರುಗಿ ಬೇಕಾದ ಎಸಳು ಮೇಲೆ ಬಂದಾಗ ಹಿಂದಿನಿಂದ ಒಂದು ಸುತ್ತಿಗೆ ಬಡಿಯುತ್ತದೆ, ಮುಂದಿನ ಶಾಯಿ ಪಟ್ಟಿಯ ಮೂಲಕ ಅಕ್ಷರ ಕಾಗದಕ್ಕೆ ಬೀಳುತ್ತದೆ. 1970ರ ದಶಕದ ಆರಂಭದಲ್ಲಿ ಅಮೆರಿಕದ ಡಯಾಬ್ಲೊ ಕಂಪನಿಯಲ್ಲಿ ಇದು ರೂಪುಗೊಂಡಿತು. ಬರುವ ಅಕ್ಷರ ಥೇಟ್ ಟೈಪ್‌ರೈಟರಿನದು, ಅಂದವಾದದ್ದು. ಆದರೆ ಮನೆಗೆ ಕೊಳ್ಳಬಹುದಾದ ಬೆಲೆಯ ಯಂತ್ರಗಳು ಸೆಕೆಂಡಿಗೆ ಹತ್ತು ಇಪ್ಪತ್ತು ಅಕ್ಷರ ಬಡಿದರೆ ಹೆಚ್ಚು. ಚಿತ್ರ ಬರೆಯಲು ಬಾರದು. ಅಕ್ಷರದ ಶೈಲಿ ಬದಲಾಗಬೇಕೆಂದರೆ ಚಕ್ರವನ್ನೇ ಬಿಚ್ಚಿ ಬೇರೆ ಹಾಕಬೇಕು. ಮಗು ಮಲಗಿದ್ದಾಗ ಅದನ್ನು ಚಾಲೂ ಮಾಡುವಂತೆಯೇ ಇರಲಿಲ್ಲ.

ಎರಡನೆಯದು ಡಾಟ್ ಮ್ಯಾಟ್ರಿಕ್ಸ್. ಇದನ್ನು ನಮ್ಮ ಹೆಣ್ಣುಮಕ್ಕಳಿಗೆ ಬಿಡಿಸಿ ಹೇಳುವ ಅಗತ್ಯವಿಲ್ಲ, ಇದು ಚುಕ್ಕಿಯ ಲೆಕ್ಕ. ಒಂದರ ಕೆಳಗೊಂದು ನಿಂತ ಏಳೋ ಒಂಬತ್ತೋ ಸೂಜಿಗಳು. ತಲೆ ಎಡದಿಂದ ಬಲಕ್ಕೆ ಓಡುವಾಗ ಯಾವ ಸೂಜಿ ಯಾವಾಗ ಮುಂದಕ್ಕೆ ಚುಚ್ಚಬೇಕೆಂಬುದನ್ನು ವಿದ್ಯುತ್ತು ನಿರ್ಧರಿಸುತ್ತದೆ. ರಂಗೋಲಿಗೂ ಇದಕ್ಕೂ ಇರುವ ವ್ಯತ್ಯಾಸವೆಂದರೆ ಇಲ್ಲಿ ಎಳೆ ಇಲ್ಲ, ಬರೀ ಚುಕ್ಕಿ. ಎಳೆಯನ್ನು ಓದುವವರ ಕಣ್ಣೇ ಎಳೆದುಕೊಳ್ಳಬೇಕು. ಅಚ್ಚಿನ ಅಕ್ಷರದ ಹಂಗಿಲ್ಲದ್ದರಿಂದ ಚಿತ್ರವೂ ಬರುತ್ತದೆ, ದಪ್ಪಕ್ಷರ ಸಣ್ಣಕ್ಷರಗಳೂ ಬರುತ್ತವೆ. ವೇಗವೂ ಹೆಚ್ಚು.

ಸೂಜಿ ಎಂದಾಗ ಒಂದು ಸ್ವಾರಸ್ಯ ಹೇಳಬೇಕು. 1971ರಲ್ಲಿ ಅಮೆರಿಕದ ಸೆಂಟ್ರಾನಿಕ್ಸ್ ಕಂಪನಿಯ ಜೊತೆಗೂಡಿ ವೇಗದ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರನ್ನು ಸಿದ್ಧಪಡಿಸಿದ್ದು ಜಪಾನಿನ ಬ್ರದರ್. ಆ ಕಂಪನಿಯ ಮೂಲ 1908ರಲ್ಲಿ ನಗೋಯಾದಲ್ಲಿ ಶುರುವಾದ ಹೊಲಿಗೆ ಯಂತ್ರದ ರಿಪೇರಿ ಅಂಗಡಿ. ಮನೆಬಳಕೆಯ ಡೇಸಿ ವ್ಹೀಲ್ ಪ್ರಿಂಟರುಗಳಲ್ಲಿ ಹೆಸರು ಮಾಡಿದ ಜೂಕಿ 6100ರ ತಯಾರಕರೂ ಹೊಲಿಗೆ ಯಂತ್ರದವರೇ. ಬಟ್ಟೆಯನ್ನು ನೂಲಿನಳತೆಯಷ್ಟು ಮುಂದೆ ಸರಿಸಿ, ಸೂಜಿಯನ್ನು ಅದೇ ಜಾಗಕ್ಕೆ ಇಳಿಸುವ ವಿದ್ಯೆ ಬಲ್ಲವರಿಗೆ ಕಾಗದವನ್ನು ಸರಿಸಿ ಅಕ್ಷರ ಬಡಿಯುವುದು ದೂರದ ಮಾತಾಗಿರಲಿಲ್ಲ. ಇನ್ನೊಂದು ದೊಡ್ಡ ಹೆಸರಾದ ಎಪ್ಸನ್ ಬಂದದ್ದು ಗಡಿಯಾರದ ಮನೆತನದಿಂದ. 1964ರ ಟೋಕಿಯೊ ಒಲಿಂಪಿಕ್ಸಿನಲ್ಲಿ ಓಟದ ಸಮಯವನ್ನು ಅಳೆದು ಕಾಗದದ ಮೇಲೆ ಅಚ್ಚೊತ್ತುವ ಗಡಿಯಾರಗಳನ್ನು ಸೈಕೋ ಬಳಗದವರು ಒದಗಿಸಿದ್ದರು. ಆ ಅನುಭವದಿಂದ 1968ರಲ್ಲಿ ಇಪಿ-101 ಎಂಬ ಪುಟ್ಟ ಮುದ್ರಣ ಯಂತ್ರ ಹುಟ್ಟಿತು. ಅದರ ಸಂತಾನ ಎಂಬ ಅರ್ಥದಲ್ಲಿ 'ಇಪಿ'ಗೆ ಮಗ ಎಂಬರ್ಥದ ಇಂಗ್ಲಿಷಿನ 'ಸನ್' ಸೇರಿ 1975ರಲ್ಲಿ ಎಪ್ಸನ್ ಎಂಬ ಹೆಸರಾಯಿತು. 1980ರಲ್ಲಿ ಬಂದ ಅವರ ಎಂಎಕ್ಸ್-80 ಎಷ್ಟು ಗಟ್ಟಿ ಎನಿಸಿಕೊಂಡಿತೆಂದರೆ, ಮರುವರ್ಷ ಐಬಿಎಂ ತನ್ನ ಹೊಸ ಪಿ.ಸಿ.ಯ ಜೊತೆ ಮಾರಲು ಅದನ್ನೇ ತನ್ನ ಹೆಸರಿನಲ್ಲಿ ತೆಗೆದುಕೊಂಡಿತು.

ಹಾಗಾದರೆ ಡಾಟ್ ಮ್ಯಾಟ್ರಿಕ್ಸನ್ನೇ ಕೊಂಡರೆ ಮುಗಿಯಿತಲ್ಲ? ಮುಗಿಯಲಿಲ್ಲ. ಇಲ್ಲಿ ಬರುತ್ತದೆ ಬಾಲದ ಪ್ರಶ್ನೆ.

ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಜಿ, ಜೆ, ಪಿ, ಕ್ಯೂ, ವೈ ಎಂಬ ಐದಕ್ಕೆ ಸಾಲಿನ ಕೆಳಗೆ ಇಳಿಯುವ ಬಾಲವಿದೆ. ಎತ್ತರಕ್ಕೆ ಏಳೇ ಚುಕ್ಕಿ ಇರುವ ಪ್ರಿಂಟರಿನಲ್ಲಿ ಬಾಲಕ್ಕೆ ಜಾಗ ಎಲ್ಲಿಂದ ಬರಬೇಕು? ಆಗ ತಯಾರಕರು ಏನು ಮಾಡಿದರೆಂದರೆ, ಆ ಐದು ಅಕ್ಷರಗಳನ್ನು ಕುತ್ತಿಗೆ ಹಿಡಿದು ಮೇಲಕ್ಕೆತ್ತಿ ಸಾಲಿನ ಮೇಲೇ ಕೂರಿಸಿಬಿಟ್ಟರು. ಓದುವಾಗ ಕಣ್ಣು ಪ್ರತಿ ಸಾಲಿನಲ್ಲೂ ನಾಲ್ಕಾರು ಕಡೆ ಎಡವುತ್ತಿತ್ತು. ಕನ್ನಡ ಓದುವ ನಮಗೆ ಆ ಕಷ್ಟ ಚೆನ್ನಾಗಿ ಅರ್ಥವಾಗುತ್ತದೆ. 'ಅಮ್ಮ', 'ಅಕ್ಕ' ಎಂದು ಬರೆಯುವಾಗ ಒತ್ತಕ್ಷರವನ್ನು ಕೆಳಗೆ ಬಿಡದೆ ಪಕ್ಕದಲ್ಲೇ ಒತ್ತರಿಸಿ ಕೂರಿಸಿದರೆ ಹೇಗೆ ಕಂಡೀತು?

ಜಗತ್ತಿನಲ್ಲೇ ಅತಿ ಹೆಚ್ಚು ಮಾರಾಟವಾದ ಮನೆ ಕಂಪ್ಯೂಟರುಗಳಲ್ಲಿ ಒಂದಾದ ಕಮಡೋರ್ 64 ಅನ್ನು ಕೊಂಡವರಿಗೆ ಈ ಸಂಕಟ ನೇರವಾಗಿ ಎದುರಾಯಿತು. 1982ರಲ್ಲಿ 595 ಡಾಲರಿಗೆ ಬಂದ ಯಂತ್ರ ಅದು. ಅದಕ್ಕೆ ಕಮಡೋರಿನದೇ 1525 ಎಂಬ ಪ್ರಿಂಟರು ಇತ್ತು. ಅದರೊಳಗಿನ ಯಂತ್ರ ಸೈಕೋಶಾ ಎಂಬ ಕಂಪನಿಯದು. ಸೂಜಿಗಳ ಸಾಲಿನ ಬದಲು ಒಂದೇ ಒಂದು ಸುತ್ತಿಗೆ, ಸೆಕೆಂಡಿಗೆ 30 ಅಕ್ಷರ, ಮತ್ತು ಬಾಲಗಳಿಲ್ಲ. ಆದರೆ ತಂತಿ ಚುಚ್ಚಿದರೆ ಸಾಕು, ನಡೆಯುತ್ತಿತ್ತು. ಕಮಡೋರಿನ ಕೀಲಿಮಣೆಯಲ್ಲಿದ್ದ ಇಸ್ಪೀಟಿನ ಆಟೀನು, ಇಸ್ಪೀಟು ಮುಂತಾದ ಚಿತ್ರಾಕ್ಷರಗಳನ್ನು ಚಾಚೂ ತಪ್ಪದೆ ಮುದ್ರಿಸುತ್ತಿತ್ತು. ಎಪ್ಸನ್ ಕೊಂಡರೆ ಒಂಬತ್ತು ಸೂಜಿ, ಬಾಲವಿರುವ ಅಕ್ಷರ, ವೇಗ ಎಲ್ಲ ಇತ್ತು. ಆದರೆ ಅದರ ತಂತಿ ಬೇರೆ, ಭಾಷೆ ಬೇರೆ. ನಡುವೆ ಇಂಟರ್‌ಫೇಸ್ ಎಂಬ ದುಭಾಷಿ ಡಬ್ಬಿಗೆ ಬೇರೆಯಾಗಿ ದುಡ್ಡು ತೆರಬೇಕು. ಒಳ್ಳೆಯ ಡಬ್ಬಿ ಸಿಗದಿದ್ದರೆ ಚಿತ್ರಾಕ್ಷರಗಳ ಆಸೆ ಬಿಡಬೇಕು. ಮಗನ ಆಟಕ್ಕೆ ಚಿತ್ರ ಬೇಕು, ತಾಯಿಯ ಪತ್ರಕ್ಕೆ ಬಾಲ ಬೇಕು. ಎರಡಕ್ಕೂ ಸೇರಿ ಮನೆಯಲ್ಲಿರುವುದು ಒಂದೇ ಹಣದ ಚೀಲ.

ಇದು ಬರೀ ಅಂದದ ಮಾತಾಗಿರಲಿಲ್ಲ. ಆಗ ಅಮೆರಿಕದ ಎಷ್ಟೋ ಪತ್ರಿಕೆಗಳ, ಪ್ರಕಾಶನಗಳ ಸಂಪಾದಕರು ಚುಕ್ಕಿ ಅಕ್ಷರದ ಹಸ್ತಪ್ರತಿಯನ್ನು ನೋಡುವುದಿಲ್ಲ ಎಂದು ಸೂಚನೆಯಲ್ಲೇ ಹಾಕುತ್ತಿದ್ದರು. ಪತ್ರಕ್ಕೆ ತಕ್ಕ ಗುಣಮಟ್ಟ ಎಂಬುದೇ ಒಂದು ಪದವಾಗಿ ಚಾಲ್ತಿಗೆ ಬಂತು, ಡೇಸಿ ವ್ಹೀಲಿಗೆ ಆ ಪದವಿ ಇತ್ತು. ಬಡಪಾಯಿ ಡಾಟ್ ಮ್ಯಾಟ್ರಿಕ್ಸಿಗೆ ಸಿಕ್ಕಿದ್ದು 'ಅದಕ್ಕೆ ಸಮೀಪದ್ದು' ಎಂಬ ಪದವಿ. ಅದನ್ನು ಗಳಿಸಲು ಅದು ಒಂದೇ ಸಾಲನ್ನು ಎರಡು ಸಲ ಹೊಲಿಯಬೇಕಾಯಿತು: ಮೊದಲ ಸುತ್ತಿನ ಚುಕ್ಕಿಗಳ ನಡುವಿನ ಸಂದಿಗೆ, ಕಾಗದವನ್ನು ಕೂದಲೆಳೆಯಷ್ಟು ಸರಿಸಿ, ಎರಡನೆಯ ಸುತ್ತಿನ ಚುಕ್ಕಿ. ಕೆಲಸ ನಿಧಾನ, ಅಕ್ಷರ ತುಂಬಿಕೊಳ್ಳುತ್ತಿತ್ತು. ಮನೆಯಲ್ಲಿ ಕೂತು ಬರೆಯುವ ಹೆಂಗಸಿಗೆ ಪ್ರಿಂಟರಿನ ಆಯ್ಕೆ ಎಂದರೆ, ತನ್ನ ಬರಹವನ್ನು ಹೊರಗಿನವರು ಬಿಡಿಸಿ ಓದುತ್ತಾರೋ ಬದಿಗಿಡುತ್ತಾರೋ ಎಂಬ ಪ್ರಶ್ನೆಯೂ ಆಗಿತ್ತು.

ಈ ತಲೆನೋವೇ ಬೇಡ, ಕಂಪ್ಯೂಟರು ಪ್ರಿಂಟರು ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ಕೊಡುತ್ತೇವೆ ಎಂದವರೂ ಬಂದರು. ಅವರಲ್ಲಿ ಇಬ್ಬರ ಕಥೆ ಹೇಳಬೇಕು.

ಅಮೆರಿಕದ ಕೊಲೆಕೊ ಕಂಪನಿ ಮೊದಲು ಚರ್ಮದ ವ್ಯಾಪಾರ ಮಾಡುತ್ತಿದ್ದದ್ದು. 1983ರಲ್ಲಿ ಅದರ 'ಕ್ಯಾಬೇಜ್ ಪ್ಯಾಚ್' ಗೊಂಬೆಗಳಿಗಾಗಿ ತಾಯಂದಿರು ಅಂಗಡಿಗಳಲ್ಲಿ ಕಿತ್ತಾಡಿದ್ದು ಅಲ್ಲಿ ಮನೆಮಾತು. ಅದೇ ವರ್ಷ ಕಂಪನಿ ಆಡಮ್ ಎಂಬ ಕಂಪ್ಯೂಟರನ್ನು ತಂದಿತು; ಜೊತೆಗೆ ಡೇಸಿ ವ್ಹೀಲ್ ಪ್ರಿಂಟರು. ಆದರೆ ಇಡೀ ಯಂತ್ರಕ್ಕೆ ವಿದ್ಯುತ್ತು ಒದಗಿಸುವ ಭಾಗವನ್ನು ಪ್ರಿಂಟರಿನ ಹೊಟ್ಟೆಯಲ್ಲೇ ಇಟ್ಟುಬಿಟ್ಟಿದ್ದರು. ಪ್ರಿಂಟರು ಕೆಟ್ಟರೆ ಕಂಪ್ಯೂಟರೂ ನಿಂತಿತು. ಕೂಡುಕುಟುಂಬದಲ್ಲಿ ಅಡುಗೆ ಮಾಡುವ ಸೊಸೆಗೆ ಜ್ವರ ಬಂದರೆ ಇಡೀ ಮನೆ ಉಪವಾಸ ಬೀಳುವ ಹಾಗೆ! ದೂರುಗಳು ಬಂದವು, ಯಂತ್ರಗಳು ವಾಪಸು ಬಂದವು, 1985ರ ಆರಂಭದಲ್ಲಿ ಆಡಮ್ ಕಥೆ ಮುಗಿಯಿತು.

ಇಂಗ್ಲೆಂಡಿನಲ್ಲಿ ಅದೇ 1985ರಲ್ಲಿ ಅಲನ್ ಶುಗರ್ ಅವರ ಆಮ್‌ಸ್ಟ್ರಾಡ್ ಕಂಪನಿ ಪಿಸಿಡಬ್ಲ್ಯು 8256 ಎಂಬುದನ್ನು ತಂದಿತು. ಪರದೆ, ಕೀಲಿಮಣೆ, ಡಿಸ್ಕಿನ ಗೂಡು, ಪತ್ರ ಬರೆಯುವ ತಂತ್ರಾಂಶ, ಪ್ರಿಂಟರು, ಎಲ್ಲ ಸೇರಿ ತೆರಿಗೆ ಬಿಟ್ಟು 399 ಪೌಂಡು. ಹಣ ಉಳಿಸಲು ಅವರು ಪ್ರಿಂಟರಿನ ಮಿದುಳನ್ನು ತೆಗೆದು ಕಂಪ್ಯೂಟರಿನಲ್ಲೇ ಇಟ್ಟರು. ಆ ಪ್ರಿಂಟರನ್ನು ಬೇರೆ ಯಾವ ಕಂಪ್ಯೂಟರಿಗೂ ಹಾಕಲು ಬಾರದು. ಆದರೂ ಜನ ಮುಗಿಬಿದ್ದು ಕೊಂಡರು. ಕಾದಂಬರಿ ಬರೆಯುವವರು, ವಿದ್ಯಾರ್ಥಿಗಳು, ಚರ್ಚಿನ ಸಮಾಚಾರ ಪತ್ರಿಕೆ ತರುವ ಹೆಂಗಸರು, ಸಣ್ಣ ಅಂಗಡಿಯವರು. ಕೊಲೆಕೊದವರೂ ಒಂದೇ ಪೆಟ್ಟಿಗೆ ಕೊಟ್ಟಿದ್ದರು, ಇವರೂ ಕೊಟ್ಟರು. ಇವರ ಯಂತ್ರ ಹೇಳಿದ ಕೆಲಸವನ್ನು ದಿನವೂ ಮಾಡಿತು, ಅಷ್ಟೇ ವ್ಯತ್ಯಾಸ. ಮನೆಯವರಿಗೆ ಬೇಕಾಗಿದ್ದದ್ದು ಕಂಪ್ಯೂಟರಲ್ಲ, ಪತ್ರ ಎಂಬುದನ್ನು ಆಮ್‌ಸ್ಟ್ರಾಡ್ ಕಂಡುಕೊಂಡಿತ್ತು.

ಪತ್ರದ ಜೊತೆಗೆ ಸಂಭ್ರಮವೂ ಬೇಕಲ್ಲ. 1984ರಲ್ಲಿ ಬ್ರೋಡರ್‌ಬಂಡ್ ಕಂಪನಿ 'ಪ್ರಿಂಟ್ ಶಾಪ್' ಎಂಬ ತಂತ್ರಾಂಶ ತಂದಾಗ ಮನೆಯ ಡಾಟ್ ಮ್ಯಾಟ್ರಿಕ್ಸ್ ಇದ್ದಕ್ಕಿದ್ದಂತೆ ಹಬ್ಬದ ಯಂತ್ರವಾಯಿತು. ಇಕ್ಕೆಲಗಳಲ್ಲಿ ತೂತುಗಳಿದ್ದ, ಮಡಿಕೆ ಮಡಿಕೆಯಾಗಿ ಒಂದಕ್ಕೊಂದು ಅಂಟಿಕೊಂಡಿದ್ದ ಆ ಕಾಗದವನ್ನು ಹರಿಯದೆ ಬಿಟ್ಟರೆ ಗೋಡೆಯುದ್ದಕ್ಕೂ ಹುಟ್ಟುಹಬ್ಬದ ಶುಭಾಶಯ ಬರೆಯಬಹುದಿತ್ತು. ಒಂದೊಂದೇ ಬಿಡಿ ಹಾಳೆ ತಿನ್ನಿಸಬೇಕಾದ ದುಬಾರಿ ಯಂತ್ರಗಳಿಗೆ ಇದು ಆಗದ ಕೆಲಸ.

ನಮ್ಮ ಕಡೆಗೆ ಬರೋಣ. ಭಾರತದಲ್ಲಿ ಆ ದಿನಗಳಲ್ಲಿ ಮನೆಗೆ ಕಂಪ್ಯೂಟರು ತರುವುದು ಕೆಲವೇ ಮಂದಿಯ ಮಾತು. 1984-85ರಲ್ಲಿ ಕೇಂದ್ರ ಸರ್ಕಾರ 'ಕ್ಲಾಸ್' ಎಂಬ ಯೋಜನೆಯಲ್ಲಿ ಆಯ್ದ ಶಾಲೆಗಳಿಗೆ ಇಂಗ್ಲೆಂಡಿನ ಬಿಬಿಸಿ ಮೈಕ್ರೊ ಕಂಪ್ಯೂಟರುಗಳನ್ನು ಕೊಟ್ಟಿತು. ನಮ್ಮ ಪೀಳಿಗೆಯ ಹೆಚ್ಚಿನ ಹುಡುಗಿಯರಿಗೆ ಅಚ್ಚಿನ ಅಕ್ಷರದ ಪರಿಚಯವಾದದ್ದು ಊರಿನ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ, ಜೂನಿಯರ್ ಸೀನಿಯರ್ ಪರೀಕ್ಷೆಗೆ ಕಟ್ಟುವಾಗ. ಪ್ರಿಂಟರು ಬಂದದ್ದು ಆಮೇಲೆ, ಅದೂ ಕಚೇರಿಯ ಮೂಲಕ, ಬ್ಯಾಂಕಿನ ಮೂಲಕ. ಅವುಗಳಲ್ಲಿ ಬಹಳಷ್ಟು ನಮ್ಮ ನೆಲದಲ್ಲೇ ತಯಾರಾದವು. ಟಿವಿಎಸ್ ಎಲೆಕ್ಟ್ರಾನಿಕ್ಸ್ ತುಮಕೂರಿನಲ್ಲಿ, ವಿಪ್ರೊದಿಂದ ಬೇರೆಯಾದ ವೆಪ್ ಪೆರಿಫೆರಲ್ಸ್ ಮೈಸೂರಿನಲ್ಲಿ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರುಗಳನ್ನು ತಯಾರಿಸಿದವು.

ಆದರೆ ಅವು ಹೆಚ್ಚಾಗಿ ಬಡಿದದ್ದು ಇಂಗ್ಲಿಷನ್ನೇ. ಐದು ಬಾಲಗಳಿಗೇ ಪರದಾಡಿದ ಯಂತ್ರಕ್ಕೆ ಕನ್ನಡ ಎಂದರೆ ಎಷ್ಟು ಕಷ್ಟವಿರಬೇಡ! ನಮ್ಮಲ್ಲಿ ತಲೆಕಟ್ಟಿನ ಮೇಲೆ ಗುಡಿಸು, ಪಕ್ಕಕ್ಕೆ ದೀರ್ಘ, ಕೆಳಗೆ ಒತ್ತು, ಕೆಲವು ಸಲ ಒತ್ತಿನ ಕೆಳಗೂ ಒತ್ತು. 'ರಾಷ್ಟ್ರ' ಎಂದು ಬರೆದು ನೋಡಿ. ಒಂಬತ್ತು ಚುಕ್ಕಿಯ ಎತ್ತರದಲ್ಲಿ ಅದನ್ನು ಕೂರಿಸುವುದು ಹೇಗೆ? ತಲೆಯನ್ನು ಎರಡು ಮೂರು ಸಲ ಓಡಿಸಿ ಚಿತ್ರದಂತೆ ಬಿಡಿಸಬೇಕು, ಇಲ್ಲವೇ 24 ಸೂಜಿಯ ಪ್ರಿಂಟರು ಬೇಕು. ಅಂಥ ಎಪ್ಸನ್ ಎಲ್‌ಕ್ಯೂ-1500 ಬಂದದ್ದು 1984ರಲ್ಲಿ. ಪುಣೆಯ ಸಿಡ್ಯಾಕ್ ಸಂಸ್ಥೆಯ ಜಿಸ್ಟ್ ತಂತ್ರಜ್ಞಾನ, ಕೆ. ಪಿ. ರಾವ್ ಅವರ 'ಸೇಡಿಯಾಪು' ತಂತ್ರಾಂಶ ಮೊದಲಾದವುಗಳಿಂದ ಕನ್ನಡ ಕಂಪ್ಯೂಟರಿನೊಳಗೆ ಬಂತು. ಕಾಗದದ ಮೇಲೆ ಒತ್ತಕ್ಷರ ಉಸಿರುಗಟ್ಟದೆ ನಿಲ್ಲಲು ಸೂಜಿಗಳ ಸಂಖ್ಯೆ ಹೆಚ್ಚಬೇಕಾಯಿತು. ಮುಂದೆ ಲೇಸರು, ಇಂಕ್‌ಜೆಟ್ಟುಗಳು ಅಗ್ಗವಾದ ಮೇಲೆ ಈ ಕಷ್ಟವೇ ಮರೆತುಹೋಯಿತು. 1984ರಲ್ಲಿ ಎಚ್‌ಪಿಯ ಮೊದಲ ಲೇಸರ್‌ಜೆಟ್ ಬಂದಾಗ ಅದರ ಬೆಲೆ 3,495 ಡಾಲರು. ಕಮಡೋರ್ 64ರ 1982ರ ಬೆಲೆಯ ಲೆಕ್ಕದಲ್ಲಿ ಆ ಹಣಕ್ಕೆ ಐದಾರು ಯಂತ್ರಗಳು ಬರುತ್ತಿದ್ದವು.

ಇಷ್ಟೆಲ್ಲ ಈಗ ಯಾಕೆ ಎಂದರೆ, ಆ ಹಳೆಯ ಕಂಪ್ಯೂಟರುಗಳನ್ನು ಹುಡುಕಿ, ರಿಪೇರಿ ಮಾಡಿ, ಮತ್ತೆ ಜೀವ ಕೊಡುವ ಹವ್ಯಾಸಿಗಳು ಇಂದು ಜಗತ್ತಿನ ಹಲವೆಡೆ ಇದ್ದಾರೆ. ಅವರಿಗೆ ಅದೇ ಹಳೆಯ ಪ್ರಶ್ನೆ ಎದುರಾಗಿದೆ: ಪ್ರಿಂಟರು ಯಾವುದು? ಉತ್ತರ ಮಾತ್ರ ಅಂದಿನದಲ್ಲ. ಸಿಂಕ್ಲೇರಿನ ಬೆಳ್ಳಿ ಕಾಗದ ಈಗ ತಯಾರಾಗುವುದಿಲ್ಲ. ಸಿಂಕ್ಲೇರಿಗೆ ಹೊಂದುತ್ತಿದ್ದ ಆಲ್ಫಾಕಾಮ್ 32 ಎಂಬುದು ಶಾಖಕ್ಕೆ ಕಪ್ಪಾಗುವ ಕಾಗದದಲ್ಲಿ ಮುದ್ರಿಸುತ್ತಿತ್ತು. ಅಂಥ ಕಾಗದದ ಅಕ್ಷರ ವರ್ಷಗಳು ಕಳೆದಂತೆ ಮಾಸುತ್ತದೆ. ಆಡಮ್ಮಿನ ಪ್ರಿಂಟರು ಆಡಮ್ಮಿಗೆ ಮಾತ್ರ, ಆಮ್‌ಸ್ಟ್ರಾಡಿನದು ಆಮ್‌ಸ್ಟ್ರಾಡಿಗೆ ಮಾತ್ರ. ಎಲ್ಲರೂ ಕೊಂಡ, ಎಲ್ಲರ ಭಾಷೆ ಬಲ್ಲ, ವಿಶೇಷವೇನೂ ಇಲ್ಲದ ಎಪ್ಸನ್ ಬಗೆಯ ಡಾಟ್ ಮ್ಯಾಟ್ರಿಕ್ಸಿಗೆ ಮಾತ್ರ ಇಂದಿಗೂ ಶಾಯಿಪಟ್ಟಿ ಅಂಗಡಿಯಲ್ಲಿ ಸಿಗುತ್ತದೆ. ಏಕೆಂದರೆ ಒಂದೇ ಏಟಿಗೆ ಕಾರ್ಬನ್ನಿನ ಮೂರು ಪ್ರತಿ ಬೇಕಾದವರು, ಬ್ಯಾಂಕಿನ ಪಾಸ್‌ಬುಕ್ಕು ತುಂಬಿಸುವವರು ಇನ್ನೂ ಇದ್ದಾರೆ. ಹಳೆಯ ಸಾಮಾನು ಕೊಳ್ಳುವಾಗ ಅಪರೂಪದ್ದಕ್ಕಿಂತ ಎಲ್ಲರ ಮನೆಯಲ್ಲಿದ್ದದ್ದೇ ವಾಸಿ. ಅದರ ಬಿಡಿಭಾಗ ಸಿಗುತ್ತದೆ. ಮಿಕ್ಸಿ, ಹೊಲಿಗೆ ಯಂತ್ರ ಕೊಳ್ಳುವಾಗ ನಮ್ಮ ಹಿರಿಯರು ಹೇಳುತ್ತಿದ್ದದ್ದೂ ಇದನ್ನೇ ಅಲ್ಲವೇ?

ಇನ್ನೊಂದು ಮಾತಿದೆ. ಚೆಂದದ ಅಕ್ಷರಕ್ಕೆ ಅಂದು ಕೊಟ್ಟ ಬೆಲೆಯ ಅರ್ಧವನ್ನೂ ಬಾಳಿಕೆಗೆ ಯಾರೂ ಕೊಡಲಿಲ್ಲ. ಪತ್ರಕ್ಕೆ ತಕ್ಕದ್ದಲ್ಲ ಎನಿಸಿಕೊಂಡ ಚುಕ್ಕಿ ಅಕ್ಷರ, ಶಾಯಿಯಲ್ಲಿ ಅದ್ದಿದ ಪಟ್ಟಿಯಿಂದ ಕಾಗದದ ನಾರಿನೊಳಗೆ ಬಡಿದು ಕೂತದ್ದರಿಂದ ನಲವತ್ತು ವರ್ಷವಾದರೂ ಓದಲು ಬರುತ್ತದೆ. ನುಣುಪಾದ ಕಾಗದದ ಮೇಲೆ ಸದ್ದಿಲ್ಲದೆ ಮೂಡುವ ಈಗಿನ ರಸೀದಿ ನಾಲ್ಕು ವರ್ಷಕ್ಕೇ ಬಿಳಿ ಹಾಳೆ. ನನ್ನ ಬೀರುವಿನಲ್ಲಿ ಎರಡೂ ಇವೆ. ಇಪ್ಪತ್ತೈದು ವರ್ಷದ ಹಿಂದಿನ ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ನನ್ನ ಒಂದೊಂದು ರೂಪಾಯಿಯೂ ಚುಕ್ಕಿ ಚುಕ್ಕಿಯಾಗಿ ನಿಂತಿದೆ. ಈಚೆಗೆ ಕೊಂಡ ಫ್ರಿಜ್ಜಿನ ಬಿಲ್ಲಿನಲ್ಲಿ ತಾರೀಖೂ ಇಲ್ಲ, ಬೆಲೆಯೂ ಇಲ್ಲ. ಗ್ಯಾರಂಟಿ ಕೇಳಲು ಹೋದರೆ ಅಂಗಡಿಯವರು ಅದನ್ನು ಬೆಳಕಿಗೆ ಹಿಡಿದು ನೋಡಿ ತಲೆ ಆಡಿಸುತ್ತಾರೆ. ಆದ್ದರಿಂದ ಚಿನ್ನದ್ದೋ, ಆಸ್ಪತ್ರೆಯದೋ, ಮಕ್ಕಳ ಶಾಲೆಯ ಫೀಸಿನದೋ ಅಂಥ ನುಣುಪು ಚೀಟಿ ಕೈಗೆ ಬಂದರೆ ಅಂದೇ ಒಂದು ಜೆರಾಕ್ಸ್ ಮಾಡಿಸಿ ಇಟ್ಟುಕೊಳ್ಳಿ.